ಅಗ್ಗಿಷ್ಟಿಕೆಯ ಬಳಿ ಬೆಂಕಿ ನಿಷೇಧಿಸಲಾಗಿದೆ

ಅಗ್ಗಿಷ್ಟಿಕೆಯ ಒಳಭಾಗಕ್ಕೆ ಬಣ್ಣ ಬಳಿಯುವುದು ಸಂಪೂರ್ಣ ಸುರಕ್ಷಿತವಾದ ಕಾರ್ಯ. ಸದರಿ ಅಗ್ಗಿಷ್ಟಿಕೆಯಲ್ಲಿ ಯಾರೂ ಬೆಂಕಿ ಹಾಕತಕ್ಕದ್ದಲ್ಲ.

ಈ ಮಾತು ನನ್ನದಲ್ಲ. ಮೂರು ದಾರಿ ಕೂಡುವ ಜಾಗದಲ್ಲಿ, ಯಾವ ಊರು ಯಾವ ಕಡೆ ಎಂದು ಬರೆದಿರಬೇಕಾದ ಹಲಗೆಯ ಮೇಲೆ ಬರೆದಿತ್ತು. ಕೆಳಗೆ ಇಲಾಖೆಯ ಮೊಹರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಹಲಗೆಗೆ ಮೂಗು ತಾಗಿಸಿ ಓದಬೇಕಾಯಿತು. ಬೆನ್ನಿಗೆ ಚೀಲ, ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕಂಕುಳಲ್ಲಿ ಹನ್ನೆರಡು ಸೌದೆಯ ಹೊರೆ. "ಇಲ್ಲೇ ಇಳ್ಕೊಳ್ಳಿ, ಹತ್ತು ಹೆಜ್ಜೆ ಅಷ್ಟೆ" ಎಂದು ಬಸ್ಸಿನವನು ಇಳಿಸಿ ಹೋಗಿ ಮುಕ್ಕಾಲು ಗಂಟೆಯಾಗಿತ್ತು. ನಾನು ಹಲವು ದೇಶಗಳಲ್ಲಿ, ಹಲವು ಭಾಷೆಗಳಲ್ಲಿ ದಾರಿ ತಪ್ಪಿದವಳು. ಆದರೆ ದಾರಿ ಹುಡುಕಿ ಬಂದವಳಿಗೆ ಬಣ್ಣದ ವಿಷಯ ಹೇಳುವ ಹಲಗೆಯನ್ನು ಅದೇ ಮೊದಲು ಕಂಡದ್ದು.

ಮಂಜಿನೊಳಗಿಂದ ಒಂದು ಸೀಟಿ, ಸೀಟಿಯ ಹಿಂದೆ ಖಾಕಿ ಕೋಟು, ಕೋಟಿನ ಒಳಗೆ ಒಬ್ಬ ಮನುಷ್ಯ ಬಂದ.

"ಅಣ್ಣಾ, ಸರ್ಕಾರಿ ವಸತಿಗೃಹಕ್ಕೆ ಯಾವ ಕಡೆ ಹೋಗ್ಬೇಕು?"

ಅವನು ನನ್ನ ಮುಖ ನೋಡಲಿಲ್ಲ. ಹೊರೆ ನೋಡಿದ. "ಏನಮ್ಮಾ ಇದು?"

"ಸೌದೆ."

"ಅದು ಕಾಣ್ತಾ ಇದೆ. ಯಾಕೆ ಅಂತ ಕೇಳಿದ್ದು."

"ಒಂದು ಹಳೇ ಸಾಲ ತೀರಿಸ್ಬೇಕು."

"ಹಚ್ಚೋ ಉದ್ದೇಶ ಏನಾದ್ರೂ ಇದೆಯಾ?"

"ಸೌದೇನ ಹಚ್ಚದೆ ಇನ್ನೇನಪ್ಪ ಮಾಡ್ತಾರೆ? ಸಾಕ್ತಾರಾ?"

ಅವನು ಇದನ್ನು ಗಂಭೀರವಾಗಿ ಯೋಚಿಸಿ, ಜೇಬಿನಿಂದ ಪುಸ್ತಕ ತೆಗೆದು, 'ಉದ್ದೇಶ: ಸ್ಪಷ್ಟವಿಲ್ಲ' ಎಂದು ಬರೆದುಕೊಂಡ. ತನ್ನ ಹುದ್ದೆಯ ಹೆಸರು ಬೆಂಕಿ ಕಾವಲು ಎಂದೂ ಹೇಳಿದ.

"ಬೆಂಕಿ ಬಿದ್ರೆ ಆರಿಸೋ ಕೆಲ್ಸಾನಾ?"

"ಛೆ ಛೆ. ಬೆಂಕಿ ಆಗದ ಹಾಗೆ ನೋಡ್ಕೊಳ್ಳೋದು. ನಾನು ಸೇರಿ ಹತ್ತು ವರ್ಷ ಆಯ್ತು, ಒಂದೇ ಒಂದು ಕಿಡಿ ಬಿದ್ದಿಲ್ಲ."

"ಅದಕ್ಕೆ ಮುಂಚೆ?"

"ದಿನಾ ಸಂಜೆ ಬೆಂಕಿ ಇರ್ತಿತ್ತಂತೆ," ಎಂದ ಅವನು ದನಿ ತಗ್ಗಿಸಿ. "ಅಗ್ಗಿಷ್ಟಿಕೆ ಅಲ್ವಾ."

ನಿಯಮದ ಪ್ರಕಾರ ಹನ್ನೆರಡರಲ್ಲಿ ಒಂದು ಸೌದೆಯನ್ನು ಮಾದರಿಗಾಗಿ ವಶಪಡಿಸಿಕೊಂಡು, ಅದರ ಉದ್ದ, ದಪ್ಪ, ಜಾತಿ ಬರೆದು, ರಶೀದಿ ಹರಿದು ಕೊಟ್ಟ. ನಾನು ಮತ್ತೆ ದಾರಿ ಕೇಳಿದೆ. "ಅಯ್ಯೋ, ನೀವು ಅದರ ಗೇಟಿಗೇ ಒರಗಿಕೊಂಡು ನಿಂತಿದೀರಲ್ಲಮ್ಮ," ಎಂದು ಹಲಗೆಯ ಹಿಂದಿನ ಅಗಳಿ ಸರಿಸಿದ.

ಸಾಲದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹನ್ನೊಂದು ವರ್ಷದ ಹಿಂದೆ ಇದೇ ವಸತಿಗೃಹದಲ್ಲಿ ಒಂದು ದಿನ ತಂಗಿದ್ದೆ. ಆ ಸಂಜೆ ಉಗ್ರಾಣದಲ್ಲಿ ಸೌದೆ ಮುಗಿದಿತ್ತು. ವಸತಿಗೃಹ ನೋಡಿಕೊಳ್ಳುವ ಅಕ್ಕ ತನ್ನ ಮನೆಗೆಂದು ಎತ್ತಿಟ್ಟಿದ್ದ ಹನ್ನೆರಡು ಕಟ್ಟಿಗೆ ತಂದು ನನ್ನ ಕೋಣೆಯ ಅಗ್ಗಿಷ್ಟಿಕೆಗೆ ಒಟ್ಟಿದಳು. "ನಾಳೆ ಬೆಳಿಗ್ಗೆ ತಂದ್ಕೊಡ್ತೀನಿ ಅಕ್ಕಾ," ಎಂದಿದ್ದೆ. ಬೆಳಿಗ್ಗೆ ಬಸ್ಸು ಬೇಗ ಬಂತು. ಆಮೇಲೆ ಹಡಗು, ರೈಲು, ಇನ್ನೊಂದು ಖಂಡ. ಎಲ್ಲಿ ಬೆಂಕಿಯ ಮುಂದೆ ಕೂತರೂ ಆ ಹನ್ನೆರಡು ಕಟ್ಟಿಗೆ ಎದ್ದು ಬಂದು ಎದುರಿಗೆ ಕೂರುತ್ತಿದ್ದವು.

ಹೊರಡುವ ಗಡಿಬಿಡಿಯಲ್ಲಿ, ಮೇಜಿನ ಮೇಲೆ ದಾರ ಕಟ್ಟಿ ಇಟ್ಟಿದ್ದ ಅಭಿಪ್ರಾಯ ಪುಸ್ತಕದಲ್ಲಿ ಒಂದು ಸಾಲು ಗೀಚಿದ್ದೆ. ತಮಾಷೆಗೆ. 'ಎಲ್ಲವೂ ಚೆನ್ನಾಗಿದೆ. ಅಗ್ಗಿಷ್ಟಿಕೆಯ ಒಳಗೆ ಮಾತ್ರ ತುಂಬ ಕಪ್ಪು.' ವಿಳಾಸ ಎಂಬಲ್ಲಿ 'ದಾರಿಯಲ್ಲಿ' ಎಂದು ಬರೆದಿದ್ದೆ. ಇದು ಮಾತ್ರ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನೆನಪಾಗಿರಲಿಲ್ಲ.

ಅಕ್ಕ ಬಾಗಿಲು ತೆಗೆದಳು. ತಲೆ ನೆರೆತಿತ್ತು, ಒಂದರ ಮೇಲೊಂದು ಮೂರು ಸ್ವೆಟರು ಹಾಕಿದ್ದಳು. ನನ್ನನ್ನು ನೋಡಿದಳು, ಹೊರೆ ನೋಡಿದಳು.

"ನಾಳೆ ಬೆಳಿಗ್ಗೆ ಅಂದಿದ್ರಿ."

"ಸ್ವಲ್ಪ ತಡ ಆಯ್ತಕ್ಕ."

"ಆಗುತ್ತೆ ಬಿಡಿ. ಬಸ್ಸು ಸರಿಯಾಗಿ ಬರಲ್ಲ," ಎಂದು ಒಳಗೆ ಕರೆದಳು.

ಕೋಣೆಯಲ್ಲಿ ಬಾಯಿ ತೆರೆದರೆ ಹೊಗೆಯಂತೆ ಉಸಿರು ಕಾಣುತ್ತಿತ್ತು. ಎದುರು ಗೋಡೆಯಲ್ಲಿ ಅಗ್ಗಿಷ್ಟಿಕೆ ಹೊಸ ಫ್ರಿಜ್ಜಿನ ಒಳಗಿನಂತೆ ಕೆನೆಬಣ್ಣದಲ್ಲಿ ಮಿರಿಮಿರಿ ಮಿಂಚುತ್ತಿತ್ತು. ಅದರೊಳಗೆ ಸೌದೆಯ ಬದಲು ಹನ್ನೊಂದು ದಪ್ಪ ಕಡತಗಳನ್ನು ಒಪ್ಪವಾಗಿ ಜೋಡಿಸಿದ್ದರು. ಇಡೀ ಕಟ್ಟಡದಲ್ಲಿ ಬೆಂಕಿ ತಗಲುವ ಭಯವೇ ಇಲ್ಲದ ಜಾಗ ಅದೊಂದೇ ಎಂದು ಅಕ್ಕ ವಿವರಿಸಿದಳು.

"ಯಾರ ಕಡತ ಅಕ್ಕ ಇದು?"

"ನಿಮ್ಮದೇ," ಎಂದಳು. ಬೈಗುಳವೂ ಇಲ್ಲ, ನಗುವೂ ಇಲ್ಲ.

ನಡೆದದ್ದು ಇಷ್ಟು. ಅಭಿಪ್ರಾಯ ಪುಸ್ತಕದಲ್ಲಿ ಹೊಗಳಿಕೆಯಲ್ಲದ್ದೆಲ್ಲ ದೂರು. ನಾನು ಬರೆದದ್ದು ಆ ಪುಸ್ತಕದ ಇತಿಹಾಸದಲ್ಲೇ ಮೊದಲ ದೂರು. ಇಲಾಖೆ ಕೂಡಲೇ ಅಗ್ಗಿಷ್ಟಿಕೆಯ ಒಳಗೆ ಬಣ್ಣ ಬಳಿಯಲು ಆದೇಶಿಸಿತು. ಬಣ್ಣ ಒದಗಿಸಿದವರು ಇಲಾಖೆಯ ಸಾಹೇಬರ ಹೆಂಡತಿಯ ತಮ್ಮ. ಬಳಿದ ದಿನ ಸಂಜೆ ಎಂದಿನಂತೆ ಬೆಂಕಿ ಹಾಕಿದರು. ಬಣ್ಣ ಹಪ್ಪಳದಂತೆ ಉಬ್ಬಿತು, ಕೆಟ್ಟ ಹೊಗೆ ಕೋಣೆ ತುಂಬಿತು, ಉದ್ಘಾಟನೆಗೆ ಬಂದಿದ್ದ ಮೂವರು ಅಧಿಕಾರಿಗಳು ಕೆಮ್ಮುತ್ತ ಕಿಟಕಿಯಿಂದ ಹೊರಬಂದರು. ಸುರಕ್ಷತಾ ಸಮಿತಿ ನೇಮಕವಾಯಿತು. ಅದು ನಾಲ್ಕು ತಿಂಗಳು ಅಧ್ಯಯನ ಮಾಡಿ ಒಂದೇ ವಾಕ್ಯದ ತೀರ್ಮಾನ ಕೊಟ್ಟಿತು: 'ದೋಷವು ಬಣ್ಣದಲ್ಲಿರುವುದಿಲ್ಲ, ಬೆಂಕಿಯಲ್ಲಿರುತ್ತದೆ.'

ಬೆಂಕಿ ನಿಂತಿತು. ಬೆಂಕಿ ಕಾವಲಿನ ಹುದ್ದೆ ಹುಟ್ಟಿತು. ಆದರೆ ದೂರು ಮುಗಿಯಲಿಲ್ಲ, ಏಕೆಂದರೆ ದೂರುದಾರರು 'ತೃಪ್ತಿಯಾಗಿದೆ' ಎಂದು ಸಹಿ ಹಾಕದೆ ಯಾವ ದೂರೂ ಮುಗಿಯುವುದಿಲ್ಲ. ವರ್ಷಕ್ಕೊಂದರಂತೆ 'ದಾರಿಯಲ್ಲಿ' ಎಂಬ ವಿಳಾಸಕ್ಕೆ ನೋಟೀಸು ಹೋಯಿತು. ಅಂಚೆಯವನು ಪ್ರತಿ ಸಲವೂ ಪ್ರಾಮಾಣಿಕವಾಗಿ ರಸ್ತೆಯಲ್ಲಿ ಅರ್ಧ ಗಂಟೆ ನಿಂತು, 'ವಿಳಾಸದಾರರು ಬರಲಿಲ್ಲ' ಎಂದು ಬರೆದು ಹಿಂತಿರುಗಿಸಿದ. ತೃಪ್ತಿಯ ಸಹಿ ಬಾರದ ಕಾರಣ ಪ್ರತಿ ವರ್ಷ ಇನ್ನೊಂದು ಲೇಪ ಬಳಿದರು.

"ಅದೇನೋ ಸರಿ," ಎಂದೆ, ನಗು ತಡೆದುಕೊಂಡು. "ಆದ್ರೆ ನೀವೆಲ್ಲ ಚಳಿಗೆ ಏನು ಮಾಡ್ತೀರಿ?"

ಆಗ ಗೋಡೆಯೊಳಗಿಂದ ಟಕ್ ಟಕ್ ಎಂದು ಸದ್ದಾಯಿತು.

"ನಮ್ಮತ್ತೆ," ಎಂದಳು ಅಕ್ಕ. "ಬನ್ನಿ."

ಅಗ್ಗಿಷ್ಟಿಕೆಯ ಬೆನ್ನಿನ ಗೋಡೆಯೇ ಅಕ್ಕನ ಮನೆಯ ಗೋಡೆ. ಒಂದೇ ಕೋಣೆ, ಗೋಡೆಗೆ ತಾಗಿ ಒಂದು ಮಂಚ, ಮಂಚದ ಮೇಲೆ ಕಂಬಳಿಯ ಗಂಟಿನೊಳಗೆ ಒಂದು ಪುಟ್ಟ ಅಜ್ಜಿ. ಮೊದಲೆಲ್ಲ ಆ ಕಡೆ ಅತಿಥಿಗಳು ಬೆಂಕಿ ಕಾಯಿಸಿಕೊಂಡರೆ ಈ ಕಡೆ ಗೋಡೆ ಬೆಚ್ಚಗಾಗುತ್ತಿತ್ತು. ಅಜ್ಜಿಯ ಬೆನ್ನು, ಮೊಣಕಾಲು, ಒದ್ದೆ ಬಟ್ಟೆ ಎಲ್ಲಕ್ಕೂ ಆ ಗೋಡೆಯೇ ಆಧಾರ. ಈ ಮನೆಯಲ್ಲಿ ಬೇರೆ ಒಲೆ ಹಾಕುವುದಕ್ಕೂ ಈಗ ನಿಷೇಧ. ಒಂದು ಸಣ್ಣ ಸ್ಟೌ ಇದೆ, ಅನ್ನ ಬೇಯುವಷ್ಟು.

"ಇವಳೇನಾ?" ಎಂದಿತು ಅಜ್ಜಿ.

"ಇವ್ರೇ ಅತ್ತೆ."

ಅಜ್ಜಿ ನನ್ನ ಕೈ ಹಿಡಿದು ಗೋಡೆಗೆ ಒತ್ತಿತು. ಗೋಡೆ ಹಾವಿನ ಮೈಯಂತೆ ತಣ್ಣಗಿತ್ತು. "ಹನ್ನೊಂದು ಚಳಿಗಾಲ," ಎಂದಿತು. "ಕಪ್ಪು ಅಂತ ಬರೆದ್ಯಂತೆ. ಬೆಂಕಿ ಉರಿಯೋ ಜಾಗ ಕಪ್ಪಿರದೆ ಮಲ್ಲಿಗೆ ಹೂವಿನ ಥರ ಇರುತ್ತೇನೇ ತಾಯಿ?"

ನನ್ನ ನಗು ಅಲ್ಲಿಗೆ ನಿಂತಿತು.

ಮರುದಿನ ಸಾಹೇಬರು ಓಡಿ ಬಂದರು. ಅವರ ಹಿಂದೆ ಪೇಂಟರು, ಪೇಂಟರ ಹಿಂದೆ ತಳ್ಳುಗಾಡಿಯಲ್ಲಿ ನೂರಿಪ್ಪತ್ತು ಇಟ್ಟಿಗೆ. ಸಾಹೇಬರು ನನ್ನನ್ನು ಕಳೆದುಹೋದ ಮಗಳು ಮನೆಗೆ ಬಂದಂತೆ ನೋಡಿ, ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತಾವೇ ತೆಗೆದುಕೊಟ್ಟರು.

"ನೋಡಿ ಮೇಡಂ, ಒಳಗೆ ಕಪ್ಪಿದೆಯಾ?"

"ಇಲ್ಲ."

"ಹಾಗಾದ್ರೆ 'ತೃಪ್ತಿಯಾಗಿದೆ' ಅಂತ ಒಂದು ಸಹಿ. ಕಡತ ಮುಕ್ತಾಯ."

"ಇಟ್ಟಿಗೆ ಯಾಕೆ ಸಾರ್?"

"ದೂರುದಾರರಿಗೆ ತೃಪ್ತಿಯಾದ ಸ್ಥಿತೀನ ಶಾಶ್ವತವಾಗಿ ಕಾಪಾಡ್ಬೇಕು ಅಂತ ನಿಯಮ. ನೀವು ಸಹಿ ಹಾಕಿದ ತಕ್ಷಣ ಬಾಯಿ ಮುಚ್ಚಿ ಕಟ್ಟಿಬಿಡ್ತೀವಿ. ಮತ್ತೆ ಕಪ್ಪಾಗೋ ಪ್ರಶ್ನೇನೇ ಇಲ್ಲ."

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡಳು. ಸಹಿ ಹಾಕಿದರೆ ಗೋಡೆ ಎಂದೆಂದಿಗೂ ತಣ್ಣಗೆ. ಹಾಕದಿದ್ದರೆ ಹನ್ನೆರಡನೇ ಲೇಪ, ಗೋಡೆ ಈ ವರ್ಷವೂ ತಣ್ಣಗೆ.

"ಸಹಿ ಹಾಕೋಕೆ ಮುಂಚೆ ಕಡತ ಓದ್ಬಹುದಾ?" ಎಂದೆ.

ಸಾಹೇಬರು ಬೆಚ್ಚಿದರು. ಅದನ್ನು ಯಾರಾದರೂ ಓದುತ್ತಾರೆ ಎಂಬ ಸಾಧ್ಯತೆಯನ್ನು ಇಲಾಖೆ ಎಂದೂ ಪರಿಗಣಿಸಿರಲಿಲ್ಲ. ಆದರೆ ಓದಬಾರದು ಎಂಬ ನಿಯಮವೂ ಇರಲಿಲ್ಲ.

ಎರಡು ದಿನ ಮೂರು ಕಂಬಳಿ ಹೊದ್ದು ಓದಿದೆ. ಏಳನೇ ಕಡತದಲ್ಲಿ ಸುರಕ್ಷತಾ ಪ್ರಮಾಣಪತ್ರ ಸಿಕ್ಕಿತು. ನೀರು ಎರಚಿ ಪರೀಕ್ಷೆ: ಉತ್ತೀರ್ಣ. ಬೆರಳಿನಿಂದ ಉಜ್ಜಿ ಪರೀಕ್ಷೆ: ಉತ್ತೀರ್ಣ. ದೂರದಿಂದ ನೋಡಿ ಪರೀಕ್ಷೆ: ಅತ್ಯುತ್ತಮ. ಕೊನೆಯ ಸಾಲಿನಲ್ಲಿ, 'ಶಾಖ ಪರೀಕ್ಷೆ: ಬಾಕಿ. ದೂರುದಾರರು ಕೋರಿದಲ್ಲಿ, ಅವರಿಗೆ ತೃಪ್ತಿಯಾಗುವವರೆಗೆ ನಡೆಸತಕ್ಕದ್ದು.'

ಪೇಂಟರನ್ನು ಕರೆದೆ. ಮೀಸೆಗೂ ಕೆನೆಬಣ್ಣ ಹತ್ತಿದ್ದ ಮುದುಕ. ಹನ್ನೊಂದು ಲೇಪವೂ ಅವನ ಕೈಯದೇ.

"ಪೇಂಟರಣ್ಣ, ನಿಜ ಹೇಳಿ. ಇದರ ಒಳಗೆ ಬಣ್ಣ ಬಳಿಯೋದು ಸುರಕ್ಷಿತಾನಾ?"

ಅವನು ಬ್ರಷ್ ಕೆಳಗಿಟ್ಟ. "ಹನ್ನೊಂದು ವರ್ಷಕ್ಕೆ ಒಬ್ರು ಕೇಳಿದ್ರಲ್ಲಮ್ಮ! ಈ ಬಣ್ಣ ಗೇಟಿಗೆ ಬಳಿಯೋದು. ಇದ್ರ ಮೇಲೆ ಬೆಂಕಿ ಹಾಕಿದ್ರೆ ವಿಷದ ಹೊಗೆ ಬರುತ್ತೆ, ಬಣ್ಣಾನೇ ಹೊತ್ಕೊಂಡ್ರೂ ಹೊತ್ಕೊಂಡೀತು. ಶಾಖ ತಡೆಯೋ ಬಣ್ಣ ಅಂತಲೇ ಬೇರೆ ಇದೆ. ಹಳೇದೆಲ್ಲ ಕೆರೆದು ತೆಗೀಬೇಕು. ಮಸಿ ತೊಳೀಬೇಕು. ಹೊಗೆಗೂಡು ಗುಡಿಸ್ಬೇಕು. ಬಳಿದ ಮೇಲೆ ಚೆನ್ನಾಗಿ ಒಣಗ್ಬೇಕು. ಮೊದಲು ಕಿಟಕಿ ತೆಗೆದಿಟ್ಟು ಸಣ್ಣ ಬೆಂಕಿ, ಆರಿದ ಮೇಲೆ ಇನ್ನೊಂದು, ಹಾಗೇ ಹದ ಮಾಡ್ತಾ ಹೋಗ್ಬೇಕು. ಇಷ್ಟೇ."

"ಇದನ್ನ ಸಮಿತಿಗೆ ಹೇಳಿಲ್ವಾ?"

"ಸಮಿತಿ ಬಂದಾಗ ನನ್ನ ಹೊರಗೆ ನಿಲ್ಲಿಸಿದ್ರು. ಮೈಮೇಲೆ ಬಣ್ಣ ಇತ್ತು ಅಂತ."

ನಾನು ವಿಧಿವತ್ತಾಗಿ ಅರ್ಜಿ ಬರೆದೆ. 'ವಿಷಯ: ಶಾಖ ಪರೀಕ್ಷೆ ಕೋರಿ.' ಸಾಹೇಬರು ಅದನ್ನು ಮೂರು ಸಲ ಓದಿ ಬೆವರಿದರು; ಆ ಕೋಣೆಯಲ್ಲಿ ಬೆವರುವುದು ಸಾಮಾನ್ಯ ಸಾಧನೆಯಲ್ಲ.

"ಮೇಡಂ, ಬೆಂಕಿ ನಿಷೇಧ ಇದೆಯಲ್ಲ."

"ಇದು ಬೆಂಕಿ ಅಲ್ಲ ಸಾರ್. ಪರೀಕ್ಷೆ."

"ಪರೀಕ್ಷೆ ಹೌದು... ಆದ್ರೆ ನೋಡೋರಿಗೆ ಬೆಂಕಿ ಥರ ಕಾಣುತ್ತಲ್ಲ?"

"ಕಂಡರೆ ಕಾಣ್ಲಿ. ಬರೆದಿರೋದು ಮುಖ್ಯ."

ಈ ಮಾತು ಅವರ ಮನಸ್ಸಿಗೆ ನಾಟಿತು. ಆದರೂ ಕಾಲು ಬದಲಿಸುತ್ತ ನಿಂತರು. "ಪರೀಕ್ಷೆ ಆದ್ಮೇಲೆ ನೀವು ಸಹಿ ಹಾಕ್ತೀರಿ. ಕಡತ ಮುಗಿಯುತ್ತೆ. ಆಮೇಲೆ ಪ್ರತಿ ವರ್ಷದ ಬಣ್ಣ..." ಎಂದು ನಿಲ್ಲಿಸಿದರು. ಹೆಂಡತಿಯ ತಮ್ಮನ ನೆರಳು ಅವರ ಮುಖದ ಮೇಲೆ ಹಾದುಹೋಯಿತು. ಕಾವಲಿನವನ ಮುಖವೂ ಬಾಡಿತು. ಹನ್ನೊಂದು ವರ್ಷ ನನ್ನ ತೃಪ್ತಿಗಾಗಿ ತಪಸ್ಸು ಮಾಡಿದವರಿಗೆ, ನಾನು ನಿಜಕ್ಕೂ ತೃಪ್ತಳಾಗಿಬಿಟ್ಟರೆ ಏನು ಗತಿ ಎಂದು ಆಗ ತಾನೇ ಹೊಳೆದಿತ್ತು.

"ಹೆದರ್ಬೇಡಿ," ಎಂದೆ. "ನನಗೆ ಅಷ್ಟು ಸುಲಭಕ್ಕೆ ತೃಪ್ತಿಯಾಗಲ್ಲ. ಮನೆಯವರನ್ನ ಕೇಳಿ ಬೇಕಾದ್ರೆ."

ಪೇಂಟರು ಐದು ದಿನ ಕೆರೆದ. ಗೇಟು, ಬೆಂಚು, ಕಂಬಿಗಳಿಗೆ ಬಳಿದು ಮಿಕ್ಕ ಬಣ್ಣವನ್ನೇ ಸಾಹೇಬರ ಭಾವಮೈದುನರು ಪ್ರತಿ ವರ್ಷ ಹೊಸದೆಂದು ಕೊಟ್ಟಿದ್ದರಿಂದ ಪದರಕ್ಕೊಂದು ಬಣ್ಣ. ಕೆನೆಯ ಕೆಳಗೆ ಆಸ್ಪತ್ರೆ ಹಸಿರು, ಹಸಿರಿನ ಕೆಳಗೆ ಬಸ್ ನಿಲ್ದಾಣದ ಹಳದಿ, ಅದರ ಕೆಳಗೆ ಶಾಲೆಯ ಬೆಂಚಿನ ನೀಲಿ. ಪಕ್ಕದಲ್ಲಿ ಕೂತು ಲೆಕ್ಕ ಹಾಕಿದೆ: ಹಳದಿಯ ವರ್ಷ ನಾನು ಒಂದು ಬಂದರಿನಲ್ಲಿ ಬಿಸಿ ಸೂಪು ಕುಡಿಯುತ್ತ ಕೂತಿದ್ದೆ, ನೀಲಿಯ ವರ್ಷ ಮರುಭೂಮಿಯಲ್ಲಿ ಸೆಖೆ ಎಂದು ಗೊಣಗುತ್ತಿದ್ದೆ. ಆಗೆಲ್ಲ ಈ ಕಡೆ ಒಂದು ಅಜ್ಜಿ ತಣ್ಣನೆ ಗೋಡೆಗೆ ಬೆನ್ನು ಕೊಟ್ಟು ಮಲಗಿತ್ತು. ಕೊನೆಗೆ ತಳದಲ್ಲಿ, ನನ್ನ ಕಾಲದ ಮಸಿ ಸಿಕ್ಕಿತು. ಅದನ್ನೂ ತೊಳೆದ.

ಆಮೇಲೆ ಶಾಖ ತಡೆಯುವ ಬಣ್ಣದ ಡಬ್ಬಿ ತೆರೆದ. ಸಾಹೇಬರು ಇಣುಕಿ ನೋಡಿ ಹಿಂದೆ ಸರಿದರು.

"ಇದು ಕಪ್ಪಲ್ವೇನಯ್ಯಾ?"

"ಅಂಗಡೀಲಿ ಇದ್ದದ್ದು ಕಪ್ಪೇ ಸಾರ್."

"ದೂರು ಬಂದಿರೋದೇ ಕಪ್ಪು ಅಂತ!"

ಕೊನೆಗೆ ಸಾಹೇಬರೇ ಆಡಳಿತದ ಅನುಭವವನ್ನೆಲ್ಲ ಒಟ್ಟುಗೂಡಿಸಿ ತೀರ್ಮಾನ ಬರೆಸಿದರು: 'ಹಿಂದೆ ಇದ್ದದ್ದು ಮಸಿಯ ಕಪ್ಪು. ಈಗ ಬಳಿಯುತ್ತಿರುವುದು ಇಲಾಖೆಯ ಕಪ್ಪು. ಎರಡಕ್ಕೂ ಸಂಬಂಧವಿರುವುದಿಲ್ಲ.'

ಬಳಿದು, ಒಣಗಿಸಿ, ಇನ್ನೆರಡು ದಿನ ಕಾದು, ಮೂರು ಸಂಜೆ ಪೇಂಟರು ತಂದ ಚಕ್ಕೆಪುಳ್ಳೆಯಲ್ಲಿ ಸಣ್ಣ ಬೆಂಕಿ ಹಾಕಿ ಹದ ಮಾಡಿದೆವು. ಕಿಟಕಿ ತೆಗೆದಿತ್ತು. ಬಣ್ಣ ಉಬ್ಬಲಿಲ್ಲ, ಯಾರೂ ಕೆಮ್ಮಲಿಲ್ಲ. ಸಾಹೇಬರು ಮಾತ್ರ ಅಭ್ಯಾಸಬಲದಿಂದ ಕಿಟಕಿಯ ಪಕ್ಕದಲ್ಲೇ ನಿಂತಿದ್ದರು.

ನಾಲ್ಕನೇ ಸಂಜೆ ಪೂರ್ಣ ಪ್ರಮಾಣದ ಪರೀಕ್ಷೆ. ಹೊರಗೆ ಹಲಗೆಯ ಕೆಳಗೆ ಹೊಸ ಪ್ರಕಟಣೆ ಬಂದಿತ್ತು: 'ಅಗ್ಗಿಷ್ಟಿಕೆಯಲ್ಲಿ ಬೆಂಕಿ ನಿಷೇಧವು ಎಂದಿನಂತೆ ಜಾರಿಯಲ್ಲಿರುತ್ತದೆ. ಪರೀಕ್ಷೆಯು ಚಳಿಗಾಲದಲ್ಲಿ ಪ್ರತಿದಿನ ಸಂಜೆ ನಡೆಯುತ್ತದೆ. ಅತಿಥಿಗಳು ಸಾಕ್ಷಿಗಳಾಗಿ ಎದುರಿಗೆ ಕೂತು ಸಹಕರಿಸುವುದು.' ಕಾವಲಿನವನ ಹುದ್ದೆಗೆ ಏನೂ ಆಗಲಿಲ್ಲ. ಬೆಂಕಿ ಹುಟ್ಟದಂತೆ ಕಾಯುತ್ತಿದ್ದವನು ಇನ್ನು ಪರೀಕ್ಷೆ ಆರದಂತೆ ಕಾಯಬೇಕು. ಸಮವಸ್ತ್ರ ಅದೇ, ಸೀಟಿ ಅದೇ. ಪ್ರತಿ ಚಳಿಗಾಲ ಮುಗಿದ ಮೇಲೆ ಶಾಖ ತಡೆಯುವ ಬಣ್ಣದ ಹೊಸ ಲೇಪ ಬೇಕಾಗುತ್ತದೆಂದೂ, ಅದು ಗೇಟಿನ ಬಣ್ಣಕ್ಕಿಂತ ದುಬಾರಿಯೆಂದೂ ತಿಳಿದ ಮೇಲೆ ಸಾಹೇಬರು ನನ್ನನ್ನು 'ತಂಗಿ' ಎಂದು ಕರೆಯತೊಡಗಿದರು. ಪೇಂಟರು ಮಾತ್ರ, ಡಬ್ಬಿ ತಾನೇ ಅಂಗಡಿಯಿಂದ ತರುತ್ತೇನೆ, ಭಾವಮೈದುನರು ಬಿಲ್ಲು ತಂದರೆ ಸಾಕು ಎಂದ. ಅದಕ್ಕೂ ಎಲ್ಲರೂ ಒಪ್ಪಿದರು.

ಇಟ್ಟಿಗೆಗಳನ್ನು ಅತಿಥಿಗಳು ಕಾಲಿಟ್ಟುಕೊಳ್ಳಲು ಜೋಡಿಸಿದರು.

ಅಭಿಪ್ರಾಯ ಪುಸ್ತಕ ಬಂತು. ನಾನು ದೊಡ್ಡ ಅಕ್ಷರದಲ್ಲಿ ಬರೆದೆ: 'ಪರೀಕ್ಷೆ ಚೆನ್ನಾಗಿದೆ. ಆದರೆ ಇನ್ನೂ ತೃಪ್ತಿಯಾಗಿಲ್ಲ.' ವಿಳಾಸದ ಜಾಗದಲ್ಲಿ, ಹಿಂದಿನಂತೆಯೇ, 'ದಾರಿಯಲ್ಲಿ'. ಸಾಹೇಬರು ಓದಿ ನಿಟ್ಟುಸಿರು ಬಿಟ್ಟು, ಪುಸ್ತಕಕ್ಕೆ ದಾರ ಕಟ್ಟಿದರು.

ಅಷ್ಟಾದ ಮೇಲೆ ನಾನು ನನ್ನ ಹೊರೆ ಬಿಚ್ಚಿದೆ. ಅಜ್ಜಿಯನ್ನು ಈಚೆ ಬಂದು ಕೂರು ಎಂದರೆ ಬರಲಿಲ್ಲ. "ನನ್ನ ಗೋಡೆ ನನಗೆ ಸಾಕು," ಎಂದು ಆ ಕಡೆಯೇ ಕೂತಿತ್ತು. ಅಕ್ಕ ನಡುವಿನ ಬಾಗಿಲಲ್ಲಿ ನಿಂತು ಈ ಕಡೆಯದನ್ನು ಆ ಕಡೆಗೆ ಹೇಳುತ್ತಿದ್ದಳು. ನಾನು ಒಂದೊಂದಾಗಿ ಕಟ್ಟಿಗೆ ಒಟ್ಟಿದೆ. ಉರಿ ಹಿಡಿಯಿತು, ಇಲಾಖೆಯ ಕಪ್ಪಿನ ಮೇಲೆ ಕೆಂಪು ಕುಣಿಯಿತು. ಸಾಕ್ಷಿಗಳು ಕೈ ಚಾಚಿದರು.

ಗೋಡೆ ಟಕ್ ಟಕ್ ಎಂದಿತು.

"ಏನಂತೆ ಅಜ್ಜಿ? ಬಿಸಿ ಬಂತಾ?" ಎಂದೆ.

ಅಕ್ಕ ಕಿವಿಗೊಟ್ಟು ಕೇಳಿಸಿಕೊಂಡಳು. "ಬರ್ತಾ ಇದೆಯಂತೆ. ಆದ್ರೆ ಒಟ್ಟಿದ ಸದ್ದು ಹನ್ನೊಂದೇ ಸಲ ಕೇಳ್ತಂತೆ. ಕೊಟ್ಟಿದ್ದು ಹನ್ನೆರಡು ಅಂತಿದ್ದಾರೆ."

ನಾನು ಕಾವಲಿನವನ ಮುಖ ನೋಡಿದೆ. ಅವನು ತಲೆ ಅಲ್ಲಾಡಿಸಿದ. "ಅದು ಮಾದರಿಯಮ್ಮ. ಸೀಲ್ ಆಗಿದೆ. ತನಿಖೆ ನಡೀತಾ ಇದೆ."

"ಅತ್ತೆ, ಹೋಗ್ಲಿ ಬಿಡಿ, ಒಂದು ತಾನೆ!" ಎಂದು ಅಕ್ಕ ಕೂಗಿದಳು.

"ಒಂದಾದ್ರೂ ಒಂದೇ!" ಎಂದು ಗೋಡೆ ಕೂಗಿತು.

ನಿಜ. ಮೂಲೆಯಲ್ಲಿ ಒರಗಿಸಿದ್ದ ನನ್ನ ಊರುಗೋಲು ಎತ್ತಿಕೊಂಡೆ. ಅದು ಎಷ್ಟೋ ಗಡಿ ದಾಟಿದ ಕೋಲು, ಎಷ್ಟೋ ನಾಯಿಗಳನ್ನು ಕಂಡ ಕೋಲು. ಪೇಂಟರು ಅದನ್ನು ಇಸಿದುಕೊಂಡು ಉಗುರಿನಿಂದ ಕೆರೆದು ಮೂಸಿ ನೋಡಿದ.

"ವಾರ್ನಿಷ್ ಇತ್ತಾ?"

"ಇತ್ತು. ನಡೆದೂ ನಡೆದೂ ಹೋಯ್ತು."

"ಹಾಗಾದ್ರೆ ಸುರಕ್ಷಿತ," ಎಂದು ವಾಪಸು ಕೊಟ್ಟ.

ಕಾವಲಿನವನು ಪುಸ್ತಕ ತೆಗೆದು, ಇದನ್ನು ಸೌದೆ ಎನ್ನಬೇಕೋ ಸಾಮಾನು ಎನ್ನಬೇಕೋ ಎಂದು ಸಾಹೇಬರನ್ನು ಕೇಳಿದ. ಸಾಹೇಬರು ಇಟ್ಟಿಗೆಯ ಮೇಲಿನ ಕಾಲು ತೆಗೆಯದೆ, "ಪರೀಕ್ಷಾ ಸಾಮಗ್ರಿ," ಎಂದರು. ಅವನು ಬರೆದುಕೊಂಡ.

ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿಯಲು ನೋಡಿದೆ. ಅದು ಮುರಿಯಲಿಲ್ಲ, ಮೊಣಕಾಲೇ ಮುರಿಯುವಂತಾಯಿತು. ಇಡಿಯಾಗಿಯೇ ಉರಿಯ ಮೇಲಿಟ್ಟೆ. ಅಜ್ಜಿಗೆ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಇಟ್ಟೆ.

"ಹನ್ನೆರಡು," ಎಂದಿತು ಗೋಡೆ.